ಸ್ಕ್ರಿಪ್ಟ್ ಬರೆದೆ... ಹೀರೋ ನಾನೇ, ವಿಲನ್ ನಿದ್ದೆ!

"ಗುರುವೇ, ಒಂದು ಸ್ಕ್ರಿಪ್ಟ್ ಬರೀತಾ ಇದ್ದೀನಿ!"

ಗಾಂಧೀನಗರದ ಟೀ ಅಂಗಡಿ ಮುಂದೆ ನಿಂತು ಈ ಮಾತು ಆಡಬಾರದು ಮಿತ್ರರೇ. ನಾನು ಆಡಿಬಿಟ್ಟೆ. ಜತೆಯಲ್ಲಿ ಬೈ-ಟೂ ಕುಡಿಯುತ್ತಿದ್ದ ಸಹನಿರ್ದೇಶಕ ಗೆಳೆಯ ಲೋಟ ಕೆಳಗಿಟ್ಟ. "ಹೀರೋ ಯಾರು? ಪ್ರೊಡ್ಯೂಸರ್ ಸಿಕ್ಕಿದ್ರಾ? ಫೈಟ್ ಎಷ್ಟು?" ಒಂದೇ ಉಸಿರಿಗೆ ಮೂರು ಪ್ರಶ್ನೆ!

"ಹೀರೋ ಇಲ್ಲ, ಫೈಟ್ ಇಲ್ಲ. ಒಟ್ಟು ನಲವತ್ತು ಸಾಲು. ನಾನು ಯಾವ ಪಿಕ್ಚರ್ ನೋಡಿದೆ, ಎಲ್ಲೀವರೆಗೆ ನೋಡಿದೆ ಅಂತ ಕಂಪ್ಯೂಟರೇ ಬರೆದಿಟ್ಟುಕೊಳ್ಳೋ ಸ್ಕ್ರಿಪ್ಟು" ಅಂದೆ.

ಅವನು ಮಾತಾಡದೆ ಲೋಟ ಎತ್ತಿಕೊಂಡ. ದುಡ್ಡು ನಾನೇ ಕೊಟ್ಟೆ.

ನಗಬೇಡಿ. ಈ ನಲವತ್ತು ಸಾಲಿನ ಹಿಂದೆ ನನ್ನ ಮಾನ ಹೋದ ಕಥೆಯಿದೆ!

ಜಯಂತಿ ಎಲ್ಲಿ, ಲಕ್ಷ್ಮಿ ಎಲ್ಲಿ?

ಕನ್ನಡದ ಬಾಂಡ್ ಯಾರು ಅಂತ ಈ ಪುಟಗಳನ್ನು ಓದುವವರಿಗೆ ಹೇಳಬೇಕಾಗಿಲ್ಲ. ಸಿ.ಐ.ಡಿ. 999! ದೊರೈ-ಭಗವಾನ್ ಜೋಡಿಯ ನಿರ್ದೇಶನ, ನಮ್ಮ ಅಣ್ಣಾವ್ರ ಠೀವಿ. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಈ ನಾಲ್ಕರ ಮೇಲೆ ಒಂದು ಲೇಖನಮಾಲೆ ಬರೆದುಕೊಡಲು ಪತ್ರಿಕೆಯೊಂದು (ಹೆಸರು ಬೇಡ) ನನಗೆ ಹೇಳಿತು. ಪಿಯುಸಿ ಅರ್ಧಕ್ಕೆ ಬಿಟ್ಟು, ಲೇಖನಕ್ಕಿಷ್ಟು ಅಂತ ಎಣಿಸಿಕೊಂಡು ಬದುಕುವ ನನ್ನಂಥವನಿಗೆ ಲೇಖನಮಾಲೆ ಎಂದರೆ ನಾಲ್ಕು ವಾರದ ಅನ್ನ.

ನಾನಿರೋದು ಸೋದರಮಾವನ ಮನೆಯ ಮಹಡಿ ರೂಮಿನಲ್ಲಿ. ಮಾವ ಕೊಂಡಿಟ್ಟಿದ್ದ ಹಳೇ ವಿಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ವಿಸಿಡಿ ಗೊತ್ತಲ್ಲ? ಒಂದು ಡಿಸ್ಕಿನಲ್ಲಿ ಒಂದೂಕಾಲು ಗಂಟೆಗಿಂತ ಹೆಚ್ಚು ಹಿಡಿಸುವುದೇ ಕಷ್ಟ. ಒಂದು ಸಿನಿಮಾಕ್ಕೆ ಎರಡು ಡಿಸ್ಕು. ಹಾಗಾಗಿ ಒಂದೇ ಫೋಲ್ಡರಿನಲ್ಲಿ 1, 2, 3, 4 ಅಂತ ಫೈಲುಗಳು. ಮೊದಲೆರಡು 'ಜೇಡರ ಬಲೆ', ನಂತರದ್ದು 'ಗೋವಾ'. ರಾತ್ರಿ ಹತ್ತಕ್ಕೆ ಇಡೀ ಫೋಲ್ಡರನ್ನೇ ಪ್ಲೇಯರಿಗೆ ಎಳೆದು ಹಾಕಿ, ದಿಂಬಿಗೆ ಒರಗಿದೆ...

ಆಮೇಲೇನಾಯಿತು ಅಂತ ನಿಮಗೀಗ ಹೊಳೆದಿರಬೇಕು. ಎರಡನೇ ಫೈಲಿನಲ್ಲಿ ಎಲ್ಲೋ ಕಣ್ಣು ಮುಚ್ಚಿತು. ತೆರೆದಾಗ ಮೂರನೆಯದು ಓಡುತ್ತಿತ್ತು. ಅದೇ ಕಪ್ಪು-ಬಿಳುಪು, ಅದೇ ರಾಜ್‌ಕುಮಾರ್, ಅದೇ 999! ಟೈಟಲ್ಸ್ ಹೋಗಿ ಎಷ್ಟೋ ಹೊತ್ತಾಗಿತ್ತು. ಐದು ನಿಮಿಷ ಜೊಂಪು ಹತ್ತಿರಬೇಕು ಅಂದುಕೊಂಡು ಮುಂದೆ ನೋಡಿದೆ. ಬೆಳಿಗ್ಗೆ ಎದ್ದು ಬಿಸಿಬಿಸಿ ಬರೆದುಕೊಟ್ಟೆ. 'ಜೇಡರ ಬಲೆ'ಯಲ್ಲಿ ಲಕ್ಷ್ಮಿಯವರ ಅಭಿನಯವನ್ನು ಎರಡು ಪ್ಯಾರಾ ಹೊಗಳಿದ್ದೆ ಸ್ವಾಮೀ!

'ಜೇಡರ ಬಲೆ'ಯ ನಾಯಕಿ ಜಯಂತಿ. ಲಕ್ಷ್ಮಿ ಕನ್ನಡಕ್ಕೆ ಬಂದದ್ದೇ 'ಗೋವಾದಲ್ಲಿ...' ಚಿತ್ರದಿಂದ.

ಒಬ್ಬ ಹಿರಿಯ ಓದುಗರು ಕಾರ್ಡು ಬರೆದರು. "ಲೇಖಕರು ಚಿತ್ರ ನೋಡಿಯೇ ಇಲ್ಲ." ನಾಲ್ಕೇ ಪದ... ಹೊಟ್ಟೆಗೆ ಗುದ್ದಿದ ಹಾಗಾಯಿತು. ತಪ್ಪಾಗಿದೆ ಎಂದಿದ್ದರೆ ಒಪ್ಪುತ್ತಿದ್ದೆ. ನೋಡಿಯೇ ಇಲ್ಲ ಅಂದರೆ? ಸಂಪಾದಕರ ಮುಂದೆ ನಿಂತು "ನೋಡಿದ್ದೀನಿ ಸಾರ್, ಆಣೆ ಮಾಡಿ ಹೇಳ್ತೀನಿ" ಅಂದೆ. ಅವರು ಕನ್ನಡಕ ತೆಗೆದು, "ಎಷ್ಟು ನೋಡಿದ್ರಿ?" ಅಂತ ಕೇಳಿದರು.

ಉತ್ತರ ನನಗೂ ಗೊತ್ತಿರಲಿಲ್ಲ. ಲೇಖನಮಾಲೆ ಅಲ್ಲಿಗೇ ನಿಂತಿತು.

ಚಂದ್ರನ ಹೆಸರಿನ ಭಾಷೆ

ಮೊದಲು ನೋಟ್‌ಬುಕ್ ಇಟ್ಟೆ. ನಮ್ಮಲ್ಲಿ ಎಷ್ಟೋ ಅಭಿಮಾನಿಗಳಿಗೆ ಆ ಅಭ್ಯಾಸ ಉಂಟು, ಟಿಕೆಟ್ಟಿನ ಚೂರು ಅಂಟಿಸಿ ಪಕ್ಕದಲ್ಲಿ ತಾರೀಖು ಬರೆಯೋದು. ಥಿಯೇಟರಿಗಾದರೆ ಅದು ಸರಿ. ಮನೆಯಲ್ಲಿ ನಿದ್ದೆಗಣ್ಣಿನಲ್ಲಿ ಪೆನ್ನು ಹುಡುಕುವವರು ಯಾರು? ಹನ್ನೊಂದನೇ ದಿನಕ್ಕೆ ನೋಟ್‌ಬುಕ್ಕಿನಲ್ಲಿ ಇಸ್ತ್ರಿ ಲೆಕ್ಕ ಸೇರಿಕೊಂಡಿತ್ತು.

ಆಗ ಕಣ್ಣಿಗೆ ಬಿದ್ದದ್ದು ನಾನು ಬಳಸುತ್ತಿದ್ದ ಪ್ಲೇಯರೇ. ಎಂಪಿವಿ ಅಂತ ಅದರ ಹೆಸರು. ಬಿಟ್ಟಿ ಪ್ಲೇಯರು; 2000ದಲ್ಲಿ ಶುರುವಾದ ಎಂಪ್ಲೇಯರ್ ಎಂಬುದರ ವಂಶದ ಕುಡಿ. ನೋಡಲು ಏನೂ ಇಲ್ಲ, ಒಂದು ಕಪ್ಪು ಕಿಟಕಿ ಅಷ್ಟೆ. ಆದರೆ ಅದರ ಹೊಟ್ಟೆಯೊಳಗೆ ಲುವಾ ಎಂಬ ಪುಟ್ಟ ಭಾಷೆ ಕೂತಿದೆ. ಆ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಕೊಟ್ಟರೆ ಪ್ಲೇಯರು ನೀವು ಹೇಳಿದ ಹಾಗೆ ಕೇಳುತ್ತೆ. ಫೈಲ್ ತೆರೆದಾಗ ಒಂದು ಸಂದೇಶ ಕೊಡುತ್ತೆ, ಮುಗಿದಾಗ ಇನ್ನೊಂದು. ತಾನಾಗಿ ಮುಗಿಯಿತೋ, ನೀವೇ ನಿಲ್ಲಿಸಿದಿರೋ ಎಂಬ ಕಾರಣವನ್ನೂ ಹೇಳುತ್ತೆ.

ಲುವಾ ಅಂದರೆ ಪೋರ್ಚುಗೀಸ್ ಭಾಷೆಯಲ್ಲಿ ಚಂದ್ರ. ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್ ದೇಶದ ರಿಯೊ ಡಿ ಜನೈರೊದ ಒಂದು ವಿಶ್ವವಿದ್ಯಾಲಯದಲ್ಲಿ. ಆ ವಿಶ್ವವಿದ್ಯಾಲಯವನ್ನು ಚಿಕ್ಕದಾಗಿ ಏನಂತ ಕರೀತಾರೆ ಗೊತ್ತಾ? ಪಿಯುಸಿ! ಇಲ್ಲಿ ನಾನು ಬಿಟ್ಟು ಬಂದ ಪಿಯುಸಿ ಅಲ್ಲಿಂದ ಹೀಗೆ ಬೆನ್ನು ಹತ್ತಿತು.

ಮೂರು ಸಲ ಮುಗ್ಗರಿಸಿದ್ದು

ಬರೆಯೋದೇನೋ ಬರೆದೆ. ಲುವಾ ಕಲಿಯಲು ಒಂದು ವಾರ ಹಿಡಿಯಿತು, ಅದೇನೂ ದೊಡ್ಡ ಮಾತಲ್ಲ. ದೊಡ್ಡ ಮಾತು ಇರೋದು ಆಮೇಲೆ. ವಿಂಡೋಸ್ ಕಂಪ್ಯೂಟರಿನಲ್ಲಿ ಆಪ್‌ಡೇಟಾ ಅಂತ ಒಂದು ಬಚ್ಚಿಟ್ಟ ಫೋಲ್ಡರ್ ಇರುತ್ತೆ. ಅದರೊಳಗೆ ರೋಮಿಂಗ್, ಅದರೊಳಗೆ ಎಂಪಿವಿ, ಅದರೊಳಗೆ ಸ್ಕ್ರಿಪ್ಟ್ಸ್. ಅಲ್ಲಿ ಫೈಲನ್ನು ಇಟ್ಟರೆ ಪ್ಲೇಯರು ಎದ್ದ ಕೂಡಲೇ ತಾನಾಗಿ ಓದಿಕೊಳ್ಳುತ್ತೆ. ಇಟ್ಟೆ. ಓದಲಿಲ್ಲ! ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ನೋಟ್‌ಪ್ಯಾಡು ನನ್ನ ಫೈಲಿನ ಹೆಸರಿಗೆ ತನ್ನ ಟಿಎಕ್ಸ್‌ಟಿ ಬಾಲ ಅಂಟಿಸಿದೆ, ವಿಂಡೋಸು ಆ ಬಾಲವನ್ನು ಮರೆಮಾಡಿದೆ. ಹೆಸರು ಲುವಾ ಎಂದೇ ಮುಗಿಯಬೇಕು. ಕಳ್ಳನೂ ಪೊಲೀಸೂ ಒಂದಾದ ಹಾಗಿತ್ತು ಆ ಕೇಸು.

ಬಾಲ ಕತ್ತರಿಸಿದೆ, ಓಡಿತು. ದಿನವೂ ಖುಷಿಯಿಂದ ಸಿನಿಮಾ ನೋಡಿ, ಆರನೇ ದಿನ ಪಟ್ಟಿ ತೆರೆದರೆ ಒಂದೇ ಸಾಲು! ಬರೆಯಲು ಫೈಲ್ ತೆರೆಯುವಾಗ ಒಂದು ಅಕ್ಷರ ಕೊಡಬೇಕು. ಡಬ್ಲ್ಯೂ ಕೊಟ್ಟರೆ ಹಳೆಯದನ್ನು ಅಳಿಸಿ ಹೊಸದಾಗಿ ಬರೆ ಎಂದರ್ಥ. ಎ ಕೊಟ್ಟರೆ ಇರುವುದರ ಕೆಳಗೆ ಸೇರಿಸು ಎಂದರ್ಥ. ನಾನು ಡಬ್ಲ್ಯೂ ಕೊಟ್ಟಿದ್ದೆ. ಪ್ರತಿ ರಾತ್ರಿಯೂ ಹಿಂದಿನ ರಾತ್ರಿಯನ್ನು ನಾನೇ ಒರೆಸಿಹಾಕಿದ್ದೆ. ನೀವು ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ಮಿಕ್ಕಿದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಮೂರನೆಯದು ಇನ್ನೂ ಸೊಗಸು. ಹೆಸರು ಬಂತು, ತಾರೀಖು ಬಂತು, ಎಲ್ಲಿಗೆ ನಿಲ್ಲಿಸಿದೆ ಎಂಬ ಜಾಗದಲ್ಲಿ ಮಾತ್ರ ಶೂನ್ಯ. ಯಾಕೆಂದರೆ 'ಮುಗಿಯಿತು' ಎಂಬ ಸಂದೇಶ ಬರುವ ಹೊತ್ತಿಗೆ ಪ್ಲೇಯರು ಫೈಲನ್ನು ಕೆಳಗಿಳಿಸಿ ಆಗಿರುತ್ತೆ. ಶೋ ಬಿಟ್ಟು, ಬಾಗಿಲು ಹಾಕಿ, ಆಪರೇಟರ್ ಮನೆಗೆ ಹೋದ ಮೇಲೆ "ಎಷ್ಟನೇ ರೀಲು?" ಅಂತ ಕೇಳಿದರೆ ಯಾರು ಹೇಳಬೇಕು? ಕೆಳಗಿಳಿಸುವುದಕ್ಕೆ ಮುಂಚೆ ತಡೆದು ಕೇಳಲು ಆನ್-ಅನ್‌ಲೋಡ್ ಎಂಬ ಒಂದು ಕೊಕ್ಕೆಯನ್ನು ಎಂಪಿವಿ ಕೊಟ್ಟಿದೆ. ನಾನು ಇನ್ನೂ ಗಟ್ಟಿ ಮಾಡಿಕೊಂಡೆ. ಸೆಕೆಂಡಿಗೊಮ್ಮೆ ಎಲ್ಲಿದ್ದೀವಿ ಅಂತ ಕೇಳಿ ನೆನಪಿಟ್ಟುಕೊಳ್ಳೋ ಟೈಮರ್ ಹಾಕಿದೆ.

ಆ ಟೈಮರಿನಿಂದ ಇನ್ನೊಂದು ಲಾಭವೂ ಆಯಿತು. ಹಾಡು, ಫೈಟು ಹಾರಿಸಿಕೊಂಡು ಕೊನೆಗೆ ಬಂದವನೂ 'ಕೊನೆ ಮುಟ್ಟಿದ' ಅಂತಲೇ ದಾಖಲಾಗುತ್ತಾನೆ. ಆದ್ದರಿಂದ ನಿಜವಾಗಿ ಓಡಿದ ಸೆಕೆಂಡುಗಳನ್ನು ಬೇರೆ ಎಣಿಸಿದೆ, ನಿಲ್ಲಿಸಿಟ್ಟ ಹೊತ್ತು ಬಿಟ್ಟು. ಎರಡು ಗಂಟೆಯ ಚಿತ್ರ, ಕೊನೆ ಮುಟ್ಟಿದೆ, ಓಡಿದ್ದು ಐವತ್ತು ನಿಮಿಷ! ಕಳ್ಳ ಸಿಕ್ಕಿಬಿದ್ದ. ಶುರುವಾದಾಗಲೇ ಒಂದು ಸಾಲು ಬರೆದುಬಿಡು ಅಂತಲೂ ಹೇಳಿದೆ, ಯಾಕೆಂದರೆ ನಮ್ಮ ಬೀದಿಯ ಕರೆಂಟು ಯಾವ ಸಂದೇಶವನ್ನೂ ಕೊಡದೆ ಹೋಗುತ್ತೆ. ಶುರು ಇದ್ದು ಮುಗಿದ ಸಾಲು ಇಲ್ಲದಿದ್ದರೆ ಕರೆಂಟ್ ಹೋಯಿತು ಅಂತ ತಿಳಿದುಕೊಳ್ಳಬಹುದು.

ವಿಸಿಡಿಯಿಂದ ಇಳಿಸುವವರಿಗೆ ಒಂದು ಕಿವಿಮಾತು: ಒಳಗಿನ ಫೈಲುಗಳಿಗೆ ಎಲ್ಲ ಡಿಸ್ಕಿನಲ್ಲೂ ಒಂದೇ ಥರದ ಹೆಸರು, ಎವಿಸೆಕ್ 01 ಅಂತ. ಮೊದಲು ಸಿನಿಮಾದ ಹೆಸರು ಕೊಡಿ. ಇಲ್ಲದಿದ್ದರೆ ಪಟ್ಟಿಯ ತುಂಬ ಎವಿಸೆಕ್ ಎಂಬ ಒಂದೇ ಚಿತ್ರ ಶತದಿನ ಓಡಿರುತ್ತೆ!

ಇಷ್ಟೆಲ್ಲ ಬೇಡ ಎನ್ನುವವರಿಗೆ, 2025ರಲ್ಲಿ ಬಂದ ಎಂಪಿವಿ 0.40ರಲ್ಲಿ ನೋಡಿದ್ದರ ಪಟ್ಟಿ ಇಡುವ ಸೌಕರ್ಯ ಒಳಗೇ ಇದೆ. ಸೆಟ್ಟಿಂಗಿನಲ್ಲಿ ಒಂದು ಸಾಲು ಹಾಕಿದರೆ ಸಾಕು. ಆದರೆ ಅದು ಬರೆಯೋದು ಯಾವ ಫೈಲನ್ನು ಯಾವಾಗ ತೆರೆದಿರಿ ಎಂಬುದನ್ನು. ಸಂಪಾದಕರು ನನ್ನನ್ನು ಕೇಳಿದ ಪ್ರಶ್ನೆ ಅದಲ್ಲವಲ್ಲ.

ಮಾವನ ಮಾತು

ಒಂದು ತಿಂಗಳ ಪಟ್ಟಿ ಮುಂದೆ ಹರಡಿಕೊಂಡು ಕೂತೆ. ತೆರೆದದ್ದು 31 ಚಿತ್ರ. ಕೊನೆ ಮುಟ್ಟಿದ್ದು 17. ಅದರಲ್ಲಿ ಏನನ್ನೂ ಹಾರಿಸದೆ ನೋಡಿದ್ದು 9. ಇಪ್ಪತ್ತು ಸಲ ನೋಡಿದ್ದೀನಿ ಅಂತ ಎಲ್ಲರ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದ ಒಂದು ಚಿತ್ರವನ್ನು ಆ ತಿಂಗಳು ನಾಲ್ಕು ಸಲ ತೆರೆದಿದ್ದೆ. ನಾಲ್ಕು ಸಲವೂ ಅದೇ ಎರಡು ಹಾಡು, ಒಂದು ಫೈಟು. ಕ್ಲೈಮ್ಯಾಕ್ಸ್ ಹೇಗಿತ್ತು ಅಂತ ನೆನಪು ಮಾಡಿಕೊಂಡೆ. ಪೋಸ್ಟರು ನೆನಪಾಯಿತು.

ಆ 9ರ ಮೇಲೆ ಹೆಮ್ಮೆ ಪಡುತ್ತಾ ಮಾವನಿಗೆ ತೋರಿಸಿದೆ. ಮಾವ ಹಿಂದೆ ಹಂಚಿಕೆದಾರರ ಕಡೆಯ ರೆಪ್ರೆಸೆಂಟೇಟಿವ್. ಪ್ರಿಂಟಿನ ಹಿಂದೆ ಊರೂರು ತಿರುಗಿ, ಟಿಕೆಟ್ ಎಣಿಸಿ, ಶೋ ಶೋಗೂ ಲೆಕ್ಕ ಹಾಕಿ ಡಿ.ಸಿ.ಆರ್. ಕಳಿಸುತ್ತಿದ್ದವರು. ಡಿ.ಸಿ.ಆರ್. ಅಂದರೆ ಡೈಲಿ ಕಲೆಕ್ಷನ್ ರಿಪೋರ್ಟ್, ಥಿಯೇಟರಿನ ಜಾತಕ. ಅವರು ಪಟ್ಟಿಯ ಮೇಲೆ ಬೆರಳಾಡಿಸಿ, ಒಂದು ಸಾಲಿನ ಮೇಲೆ ನಿಲ್ಲಿಸಿದರು.

"ಇದೇನೋ ಅಳಿಯಾ, ರಾತ್ರಿ ಎರಡೂ ಕಾಲಿಗೆ ಮುಗಿದದ್ದು?"

"ಪೂರ್ತಿ ನೋಡಿದ್ದು ಮಾವ."

"ನಾನು ನೀರು ಕುಡಿಯೋಕೆ ಎದ್ದಾಗ ನಿನ್ನ ಗೊರಕೆ ಕೆಳಗಿನವರೆಗೂ ಕೇಳಿಸ್ತಾ ಇತ್ತು. ಡಿ.ಸಿ.ಆರ್. ನೋಡಿದ್ರೆ ಎಷ್ಟು ಜನ ಬಂದ್ರು ಅಂತ ಗೊತ್ತಾಗುತ್ತೆ ಕಣೋ. ಎಷ್ಟು ಜನ ನಿದ್ದೆ ಹೊಡೆದ್ರು ಅಂತ ಗೊತ್ತಾಗಲ್ಲ."

ನನ್ನ 9 ಅಲ್ಲೇ 8 ಆಯಿತು! ಪ್ಲೇಯರು ಓಡಿದ್ದನ್ನು ಬರೆಯಬಲ್ಲದು, ನಾನು ನೋಡಿದ್ದನ್ನಲ್ಲ. ಅವತ್ತೇ ರಾತ್ರಿ ಇನ್ನೂ ಆರು ಸಾಲು ಸೇರಿಸಿದೆ. ಬೇರಾವುದಕ್ಕೂ ಬಳಸದ ಒಂದು ಕೀ ಒತ್ತಿದರೆ, ಆ ಕ್ಷಣದ ಗಂಟೆ-ನಿಮಿಷದ ಜತೆ ಪಟ್ಟಿಯಲ್ಲಿ 'ಎಚ್ಚರ' ಎಂಬ ಪದ ಬೀಳುತ್ತೆ. ಬರೆಯಲು ಕೂರುವ ಚಿತ್ರವಾದರೆ ಆಗಾಗ ಒತ್ತುತ್ತೇನೆ. ಎಚ್ಚರಗಳು ಎಲ್ಲಿ ನಿಲ್ಲುತ್ತವೋ ಮರುದಿನ ಅಲ್ಲಿಂದ ನೋಡುತ್ತೇನೆ. 'ಜೇಡರ ಬಲೆ'ಗೆ 14 ಎಚ್ಚರ ಬಿದ್ದಿವೆ, ಕೊನೆಯದು ಕೊನೆಯ ದೃಶ್ಯದಲ್ಲಿ. ಆ ಹಿರಿಯ ಓದುಗರಿಗೆ ಒಂದು ಕಾರ್ಡು ಬರೆದು, ಈಗ ನೋಡಿದೆ ಎಂದು ತಿಳಿಸಿದ್ದೇನೆ. ಸಂಪಾದಕರ ಬಾಗಿಲಿಗೆ ಇನ್ನೂ ಹೋಗಿಲ್ಲ.

ಮ್ಯಾಟಿನಿ ಶೋ ಯಾರದು?

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೋದ ತಿಂಗಳ ಪಟ್ಟಿಯಲ್ಲಿ ನನ್ನದಲ್ಲದ ಸಾಲುಗಳು ಕಂಡವು. ಬುಧವಾರ ಮಧ್ಯಾಹ್ನ 2-40, 'ಆಪರೇಷನ್ ಜಾಕ್‌ಪಾಟ್'. ಗುರುವಾರ ಅದೇ ಹೊತ್ತಿಗೆ ಅದೇ ಚಿತ್ರ. ಶನಿವಾರ ಮತ್ತೆ! ನಾನು ಆ ಹೊತ್ತಿನಲ್ಲಿ ಗಾಂಧೀನಗರದಲ್ಲಿ. ರೂಮಿನ ಇನ್ನೊಂದು ಕೀಲಿ ಇರೋದು ಮಾವನ ಹತ್ತಿರ. "ಈ ವಯಸ್ಸಿನಲ್ಲಿ ಇನ್ನೆಂಥ ಸಿನಿಮಾ" ಅಂತ ಎಲ್ಲರ ಮುಂದೆ ಮೂಗು ಮುರಿಯುವ ಮಾವ, ಮಂಡಿನೋವಿನಲ್ಲಿ ಮಹಡಿ ಹತ್ತಿ ಬಂದು ನೋಡುತ್ತಿದ್ದಾರೆ. ಮುಂದೆ ಹಿಂದಿಯಲ್ಲಿ ಮೆರೆದ ರೇಖಾ ನಾಯಕಿಯಾಗಿ ಬಂದ ಚಿತ್ರ ಅದು. ಮೂರೂ ಸಲ ಪೂರ್ತಿ, ಒಂದು ಸೆಕೆಂಡೂ ಹಾರಿಸಿಲ್ಲ.

ನನ್ನ ಲೆಕ್ಕಕ್ಕೆ ಅಂತ ಹಾಕಿದ ಬಲೆಯಲ್ಲಿ ಅವರ ಗುಟ್ಟು ಸಿಕ್ಕಿತ್ತು. ಒಂದೇ ಕಂಪ್ಯೂಟರನ್ನು ಇಬ್ಬರು ಬಳಸುವ ಮನೆಯಲ್ಲಿ ಹೇಳದೆ ಇಂಥದ್ದು ಇಡೋದು ಸರಿಯಲ್ಲ ಅನ್ನಿಸಿತು. ಕಾಫಿ ಹೊತ್ತಿಗೆ ಕೆಳಗಿಳಿದು, ಸ್ಕ್ರಿಪ್ಟು ನಿಮ್ಮದನ್ನೂ ಬರೆಯುತ್ತಿದೆ, ಬೇಡ ಅಂದರೆ ಅದನ್ನು ನಿಲ್ಲಿಸೋಕೆ ಒಂದು ಕೀ ಇಟ್ಟುಕೊಡ್ತೀನಿ ಅಂದೆ. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ.

"ಬರೀಲಿ ಬಿಡು" ಅಂದರು. "ಮೂರು ಶೋ, ತಲಾ ಒಂದು ಟಿಕೆಟ್. ಅದೇ ರಾತ್ರಿ ಎರಡೂ ಕಾಲಿನ ಶೋ ಇದೆಯಲ್ಲ, ಅದನ್ನ ಹೊಡೆದುಹಾಕು. ಲೆಕ್ಕ ತಪ್ಪುತ್ತೆ."