ಎಂಜಿನು ನೀರು ಕುಡಿಯುವ ನಿಲ್ದಾಣ

ಮಕ್ಕಳೇ, ನೀವು ರೈಲು ನಿಲ್ದಾಣವನ್ನು ನೋಡಿದ್ದೀರಲ್ಲವೇ? ನಿಲ್ದಾಣದ ಬಳಿ ಸಾಮಾನ್ಯವಾಗಿ ಒಂದು ಊರು ಇರುತ್ತದೆ. ಊರಿನ ಜನರು ರೈಲು ಹತ್ತುತ್ತಾರೆ, ಇಳಿಯುತ್ತಾರೆ. ಅವರಿಗಾಗಿಯೇ ರೈಲು ಅಲ್ಲಿ ನಿಲ್ಲುತ್ತದೆ. ಆದರೆ ನೀಲಗಿರಿ ಬೆಟ್ಟದ ದಾರಿಯಲ್ಲಿ ಒಂದು ಪುಟ್ಟ ನಿಲ್ದಾಣವಿದೆ. ಅದರ ಪಕ್ಕದಲ್ಲಿ ಪೇಟೆಯಿಲ್ಲ, ಸಂತೆಯಿಲ್ಲ. ಸುತ್ತಲೂ ಕಾಡು. ಆದರೂ ರೈಲು ಅಲ್ಲಿ ನಿಲ್ಲುತ್ತದೆ. ಏಕೆ ಗೊತ್ತೇ? ಎಂಜಿನಿಗೆ ಬಾಯಾರಿಕೆಯಾಗಿರುತ್ತದೆ!

ಆ ನಿಲ್ದಾಣದ ಹೆಸರು ಹಿಲ್‌ಗ್ರೋವ್. ಹೆಸರು ಇಂಗ್ಲಿಷಿನದು. 'ಬೆಟ್ಟದ ತೋಪು' ಎಂದು ಅದರ ಅರ್ಥ. ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಹೋಗುವ ರೈಲುದಾರಿಯಲ್ಲಿ, ಸುಮಾರು 18 ಕಿಲೋಮೀಟರ್ ದೂರದಲ್ಲಿ ಇದು ಸಿಗುತ್ತದೆ. ಮೆಟ್ಟುಪಾಳ್ಯವು ಸಮುದ್ರ ಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದೆ. ಹಿಲ್‌ಗ್ರೋವ್ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಇಷ್ಟು ಸ್ವಲ್ಪ ದೂರದಲ್ಲಿ ರೈಲು ಎಷ್ಟು ಮೇಲಕ್ಕೆ ಏರಿತು, ನೀವೇ ಕಳೆದು ನೋಡಿ.

ರೈಲು ಬರುವ ಮೊದಲು ನೀಲಗಿರಿಗೆ ಹೋಗುವುದು ಬಹಳ ಕಷ್ಟವಾಗಿತ್ತು. ಜನರು ಎತ್ತಿನ ಗಾಡಿಯಲ್ಲಿ, ಕುದುರೆಯ ಮೇಲೆ ಘಟ್ಟವನ್ನು ಏರುತ್ತಿದ್ದರು. ಇಲ್ಲಿಗೆ ರೈಲುದಾರಿ ಬೇಕೆಂಬ ಮಾತು 1854ರಲ್ಲಿಯೇ ಹುಟ್ಟಿತು. ಆದರೆ ಕೆಲಸ ಆರಂಭವಾದದ್ದು 1891ರಲ್ಲಿ. ಕೆಲಸಗಾರರು ಬಂಡೆಗಳನ್ನು ಒಡೆದರು, ಸುರಂಗಗಳನ್ನು ಕೊರೆದರು, ಹಳ್ಳಗಳ ಮೇಲೆ ಸೇತುವೆಗಳನ್ನು ಕಟ್ಟಿದರು. 1899ರಲ್ಲಿ ಕೂನೂರಿನವರೆಗೆ ರೈಲು ಓಡಿತು. 1908ರಲ್ಲಿ ಅದು ಉದಕಮಂಡಲವನ್ನು ಮುಟ್ಟಿತು. ಇಡೀ ದಾರಿಯ ಉದ್ದ ಸುಮಾರು 46 ಕಿಲೋಮೀಟರ್. ಇದರಲ್ಲಿ 16 ಸುರಂಗಗಳು, ಸುಮಾರು 250 ಸೇತುವೆಗಳು ಮತ್ತು 208 ತಿರುವುಗಳಿವೆ.

ಈ ದಾರಿಯಲ್ಲಿ ಕಲ್ಲಾರ್ ಎಂಬ ಸ್ಥಳವಿದೆ. ತಮಿಳಿನಲ್ಲಿ 'ಆರು' ಎಂದರೆ ನದಿ. 'ಕಲ್' ಎಂದರೆ ನಮ್ಮ ಕಲ್ಲೇ. ಆದ್ದರಿಂದ ಕಲ್ಲಾರ್ ಎಂದರೆ ಕಲ್ಲುಗಳ ಹೊಳೆ. ಕಲ್ಲಾರಿನಿಂದ ಕೂನೂರಿನವರೆಗೆ ಕಡಿದಾದ ಏರು. ಬಯಲಿನ ರೈಲುದಾರಿಯಲ್ಲಿ ನೂರು ಮೀಟರಿಗೆ ಒಂದು ಮೀಟರ್ ಏರಿದರೂ ಅದು ಹೆಚ್ಚು. ಇಲ್ಲಿಯಾದರೋ ಕೆಲವೆಡೆ ನೂರು ಮೀಟರಿಗೆ ಎಂಟು ಮೀಟರಿಗಿಂತಲೂ ಹೆಚ್ಚು ಏರಬೇಕು. ನುಣುಪಾದ ಕಂಬಿಯ ಮೇಲೆ ನುಣುಪಾದ ಚಕ್ರ ಜಾರುವುದಿಲ್ಲವೇ? ಜಾರುತ್ತದೆ. ಅದಕ್ಕಾಗಿ ಎರಡು ಕಂಬಿಗಳ ನಡುವೆ ಹಲ್ಲುಗಳಿರುವ ಕಬ್ಬಿಣದ ಪಟ್ಟಿಗಳನ್ನು ಹಾಸಿದ್ದಾರೆ. ಎಂಜಿನಿನ ಕೆಳಗೆ ಹಲ್ಲುಚಕ್ರವಿದೆ. ಅದು ಪಟ್ಟಿಯ ಹಲ್ಲುಗಳನ್ನು ಹಿಡಿದು, ಏಣಿ ಹತ್ತುವಂತೆ ಒಂದೊಂದೇ ಹಲ್ಲನ್ನು ದಾಟುತ್ತಾ ಮೇಲೇರುತ್ತದೆ.

ಇನ್ನೊಂದು ವಿಶೇಷವನ್ನು ಗಮನಿಸಿ. ಇಲ್ಲಿ ಎಂಜಿನು ಮುಂದೆ ನಿಂತು ಎಳೆಯುವುದಿಲ್ಲ. ಹಿಂದೆ ನಿಂತು ತಳ್ಳುತ್ತದೆ! ಡಬ್ಬಿಗಳ ಕೊಂಡಿ ಕಳಚಿದರೂ ಅವು ಕೆಳಕ್ಕೆ ಉರುಳಬಾರದೆಂದು ಈ ಏರ್ಪಾಡು. ಮುಂದಿನ ಡಬ್ಬಿಯಲ್ಲಿ ನಿಂತವರು ಬಾವುಟ ತೋರಿಸುತ್ತಾರೆ. ಅದನ್ನು ನೋಡಿ ಹಿಂದಿರುವ ಚಾಲಕರು ಎಂಜಿನನ್ನು ನಡೆಸುತ್ತಾರೆ.

ಈಗ ಎಂಜಿನಿನ ಬಾಯಾರಿಕೆಯ ಮಾತಿಗೆ ಬರೋಣ. ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಕುಣಿಯುವುದನ್ನು ನೀವು ನೋಡಿದ್ದೀರಿ. ಅದನ್ನು ಕುಣಿಸುವುದು ಹಬೆ. ಹಬೆ ಎಂಜಿನಿನಲ್ಲಿಯೂ ಇದೇ ಶಕ್ತಿ ಕೆಲಸ ಮಾಡುತ್ತದೆ. ಬೆಂಕಿಯಿಂದ ನೀರು ಕುದಿದು ಹಬೆಯಾಗುತ್ತದೆ. ಹಬೆಯು ಕೊಳವೆಯೊಳಗಿನ ದಂಡವನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಅದರಿಂದ ಚಕ್ರಗಳು ತಿರುಗುತ್ತವೆ. ಕೆಲಸ ಮುಗಿಸಿದ ಹಬೆ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಹೋದ ಹಬೆ ಮತ್ತೆ ಬಾರದು. ಏರು ಹೆಚ್ಚಾದಷ್ಟೂ ಹೆಚ್ಚು ಹಬೆ ಬೇಕು. ಹೀಗೆ ತೊಟ್ಟಿಯ ನೀರು ಬೇಗ ಬರಿದಾಗುತ್ತದೆ. ಆದ್ದರಿಂದಲೇ ಕಾಡಿನ ನಡುವೆ ನೀರು ತುಂಬಿಸಿಕೊಳ್ಳಲು ನಿಲ್ಲಬೇಕು.

ರೈಲು ಹಿಲ್‌ಗ್ರೋವಿಗೆ ಬಂದು ನಿಂತಾಗ ಕೆಲವು ನಿಮಿಷ ಅಲ್ಲಿ ಜಾತ್ರೆಯ ಸಂಭ್ರಮ. ಎಂಜಿನು ದಪ್ಪ ಕೊಳವೆಯಿಂದ ಗಟಗಟನೆ ನೀರು ಕುಡಿಯುತ್ತದೆ. ಪ್ರಯಾಣಿಕರು ಇಳಿದು ಚಹಾ ಕುಡಿಯುತ್ತಾರೆ. ಕೋತಿಗಳು ಯಾರ ಕೈಯಲ್ಲಿ ತಿಂಡಿಯಿದೆ ಎಂದು ಕಾದು ನೋಡುತ್ತವೆ. ಸಿಳ್ಳೆ ಕೇಳಿಸುತ್ತದೆ. ಎಲ್ಲರೂ ಓಡಿ ಹತ್ತುತ್ತಾರೆ. ರೈಲು ತಿರುವಿನಲ್ಲಿ ಮರೆಯಾದೊಡನೆ ನಿಲ್ದಾಣ ಮತ್ತೆ ಕಾಡಿನ ಮೌನಕ್ಕೆ ಮರಳುತ್ತದೆ.

ಈ ದಾರಿಯ ಎಲ್ಲ ನಿಲ್ದಾಣಗಳಿಗೂ ಇಂಥ ಭಾಗ್ಯವಿಲ್ಲ. ಕಲ್ಲಾರ್, ಅಡ್ಡರ್ಲಿ, ಕಾಟೇರಿ ರೋಡ್ ನಿಲ್ದಾಣಗಳಲ್ಲಿ ಈಗ ಪ್ರಯಾಣಿಕರು ಹತ್ತಿ ಇಳಿಯುವುದಿಲ್ಲ. ಕೂನೂರಿನಿಂದ ಮುಂದೆ ಹಲ್ಲುಪಟ್ಟಿಯಿಲ್ಲ. ಅಲ್ಲಿ ಡೀಸೆಲ್ ಎಂಜಿನು ರೈಲನ್ನು ನಡೆಸುತ್ತದೆ. ಡೀಸೆಲ್ ಎಂಜಿನಿಗೆ ಹೀಗೆ ದಾರಿಯುದ್ದಕ್ಕೂ ನೀರು ತುಂಬಿಸಬೇಕಾಗಿಲ್ಲ. ಹಳೆಯ ಹಬೆ ಎಂಜಿನು ಉಳಿದಿರುವುದರಿಂದಲೇ ಹಿಲ್‌ಗ್ರೋವಿನಲ್ಲಿ ಜನರ ಮಾತು ಕೇಳಿಸುತ್ತಿದೆ. ಈ ಎಂಜಿನುಗಳು ಮೊದಲು ಸ್ವಿಟ್ಜರ್ಲೆಂಡ್ ದೇಶದಿಂದ ಬಂದವು. ಈಗ ನಮ್ಮ ತಿರುಚಿನಾಪಳ್ಳಿಯ ಕಾರ್ಯಾಗಾರದಲ್ಲಿಯೂ ಇಂಥ ಹೊಸ ಎಂಜಿನುಗಳನ್ನು ಕಟ್ಟಿದ್ದಾರೆ. 2005ರಲ್ಲಿ ಯುನೆಸ್ಕೊ ಸಂಸ್ಥೆಯು ನೀಲಗಿರಿ ರೈಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೂ ಈ ದಾರಿಯನ್ನು ಕಾಪಾಡುವುದು ಸುಲಭವಲ್ಲ. ಹಿಂಗಾರು ಮಳೆ ಜೋರಾದಾಗ ಗುಡ್ಡ ಕುಸಿದು, ಮಣ್ಣು, ಬಂಡೆ, ಮರಗಳು ಕಂಬಿಯ ಮೇಲೆ ಬೀಳುತ್ತವೆ. ಆಗ ರೈಲು ನಿಲ್ಲುತ್ತದೆ. ಕೆಲಸಗಾರರು ಚಳಿಯಲ್ಲಿ, ಮಳೆಯಲ್ಲಿ ದುಡಿದು ದಾರಿಯನ್ನು ತೆರವು ಮಾಡುತ್ತಾರೆ.

ಇನ್ನೊಂದು ಸಂಗತಿಯನ್ನೂ ನೀವು ತಿಳಿಯಬೇಕು. ಈ ಕಾಡು ಆನೆಗಳು ಓಡಾಡುವ ಜಾಗ. ರೈಲು ಬರುವುದಕ್ಕಿಂತ ಮೊದಲೇ ಇದು ಅವುಗಳ ದಾರಿ. ಕೆಲವು ವರ್ಷಗಳ ಹಿಂದೆ ಹಿಲ್‌ಗ್ರೋವಿನ ಬಳಿ ಕಂಬಿಯ ಪಕ್ಕದಲ್ಲಿ ಗೋಡೆಯನ್ನು ಕಟ್ಟಲಾಯಿತು. ಮರಿಗಳೊಡನೆ ಬಂದ ಆನೆಗಳು ಗೋಡೆಯನ್ನು ದಾಟಲಾರದೆ ಕಂಬಿಯ ಮೇಲೆ ಪರದಾಡಿದವು. ಆ ದೃಶ್ಯವನ್ನು ಕಂಡು ಅನೇಕರು ಮರುಗಿದರು. 2022ರಲ್ಲಿ ಗೋಡೆಯನ್ನು ಒಡೆದು ಆನೆಗಳಿಗೆ ದಾರಿ ಬಿಡಲಾಯಿತು.

ಮಕ್ಕಳೇ, ಒಂದು ದಿನ ನೀವೂ ಈ ರೈಲಿನಲ್ಲಿ ಹೋಗಬಹುದು. ಹಿಲ್‌ಗ್ರೋವಿನಲ್ಲಿ ಇಳಿದಾಗ ಎಂಜಿನು ನೀರು ಕುಡಿಯುವುದನ್ನು ನೋಡಿ. ಕೋತಿಗಳಿಗೆ ತಿಂಡಿ ಎಸೆಯಬೇಡಿ. ಕಸವನ್ನು ಕಾಡಿನಲ್ಲಿ ಬಿಸಾಡಬೇಡಿ. ನಾವು ಅಲ್ಲಿ ಕೆಲವೇ ನಿಮಿಷಗಳ ಅತಿಥಿಗಳು. ರೈಲು ಹೋದ ಮೇಲೂ ಅಲ್ಲಿಯೇ ಇರುವವರು ಆನೆಗಳು, ಕೋತಿಗಳು ಮತ್ತು ಆ ಕಾಡಿನ ಮರಗಳು.