ಒಂದೇ ದಡ, ಹನ್ನೆರಡು ನೋಟ

ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಿಮಾನ ನಿಲ್ದಾಣದತ್ತ ಧಾವಿಸುವವರಿಗೆ ಪಕ್ಕದ ಕೆರೆ ಒಂದು ಕ್ಷಣದ ನೋಟ ಮಾತ್ರ. ಆದರೆ ಸೂರ್ಯೋದಯಕ್ಕೆ ಮುನ್ನವೇ ಅದರ ದಡ ಸೇರಿ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿರಿಸಿ, ಬೆಳಕಿಗಾಗಿ ಕಾದು ನಿಲ್ಲುವವರೂ ಈ ನಗರದಲ್ಲಿದ್ದಾರೆ. ಜಕ್ಕೂರು, ರಾಚೇನಹಳ್ಳಿ, ಯಲಹಂಕದ ಕೆರೆಗಳ ಬಳಿಯೂ ಇಂಥವರನ್ನು ಕಾಣಬಹುದು.

ನಮಗೆ ಪರಿಚಿತರಾದ ಶ್ರಾವಕರೊಬ್ಬರು ನಿವೃತ್ತಿಯ ಬಳಿಕ ಒಂದು ನಿಯಮ ತೆಗೆದುಕೊಂಡರು. ತಿಂಗಳಿಗೊಮ್ಮೆ ಹೆಬ್ಬಾಳ ಕೆರೆಯ ದಡದಲ್ಲಿ ಒಂದೇ ಮರದ ಬುಡದಲ್ಲಿ ನಿಂತು, ಒಂದೇ ದಿಕ್ಕಿಗೆ ಮುಖಮಾಡಿ, ಒಂದೇ ಒಂದು ಚಿತ್ರ ತೆಗೆಯುವುದು. ವರ್ಷ ತುಂಬಿದಾಗ ಅವರ ಮನೆಯ ಗೋಡೆಯ ಮೇಲೆ 12 ಚಿತ್ರಗಳು ಸಾಲಾಗಿ ನಿಂತಿದ್ದವು. ನೋಡಲು ಬಂದ ಬಂಧುವೊಬ್ಬರು, "ಹನ್ನೆರಡು ಕೆರೆಗಳಿಗೆ ಹೋಗಿ ಬಂದಿರಾ?" ಎಂದು ಕೇಳಿದರಂತೆ.

ಆ ಪ್ರಶ್ನೆ ಸಹಜವೇ. ಯುಗಾದಿಯ ಚಿತ್ರದಲ್ಲಿ ಹೊಂಗೆಯ ತಿಳಿಹಸಿರು ಚಿಗುರು ನೀರಿಗೆ ಬಾಗಿದೆ. ಬೇಸಿಗೆಯ ಚಿತ್ರದಲ್ಲಿ ನೀರು ಹಿಂದೆ ಸರಿದು, ಬಿರುಕುಬಿಟ್ಟ ಕೆಸರಿನ ಮೇಲೆ ಬೆಳ್ಳಕ್ಕಿಗಳು ಒಂಟಿಕಾಲಿನಲ್ಲಿ ನಿಂತಿವೆ. ಮುಂಗಾರಿನಲ್ಲಿ ಮುಗಿಲೂ ನೀರೂ ಒಂದೇ ಬೂದುಬಣ್ಣ. ಹಿಂಗಾರು ಮುಗಿದ ಕಾರ್ತಿಕದಲ್ಲಿ ತುಂಬಿದ ನೀರಿನ ಮೇಲೆ ಹೆಜ್ಜಾರ್ಲೆಗಳ ನೆರಳು. ಉತ್ತರದ ಶೀತದೇಶಗಳಿಂದ ವಲಸೆ ಬಂದ ಬಾತುಗಳ ಗುಂಪು. ಧನುರ್ಮಾಸದ ಚಿತ್ರದಲ್ಲಿ ಕೆರೆಯೇ ಇಲ್ಲ. ಮಂಜಿನೊಳಗೆ ಒಂದು ಕೊಂಬೆ ಮಾತ್ರ ತೇಲುತ್ತಿದೆ.

ಇರುವ ವಸ್ತುವೆಲ್ಲವೂ ಏಕಕಾಲದಲ್ಲಿ ಹುಟ್ಟು, ಅಳಿವು, ಸ್ಥಿರತೆ ಎಂಬ ಮೂರರಿಂದ ಕೂಡಿರುತ್ತದೆ ಎಂಬುದು ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಬೋಧನೆ. ಉತ್ಪಾದ, ವ್ಯಯ, ಧ್ರೌವ್ಯ ಎಂದು ಶಾಸ್ತ್ರ ಇವನ್ನು ಕರೆಯುತ್ತದೆ. ದ್ರವ್ಯ ಉಳಿಯುತ್ತದೆ, ಅದರ ಪರ್ಯಾಯಗಳು ಹುಟ್ಟಿ ಅಳಿಯುತ್ತವೆ. ಮಂಜು ಅಳಿದು ಬಿಸಿಲು ಹುಟ್ಟುವ ಆ ಗಳಿಗೆಯಲ್ಲಿ ಕೆರೆಯ ದಡದಲ್ಲಿ ನಿಂತವನಿಗೆ ಈ ಮಾತು ಕಣ್ಣೆದುರಿನ ಸಂಗತಿ. ಬದಲಾವಣೆಯನ್ನು ಹೀಗೆ ಮತ್ತೆ ಮತ್ತೆ ಮನಸ್ಸಿಗೆ ತಂದುಕೊಂಡು ಚಿಂತಿಸುವುದೇ ಅನಿತ್ಯ ಭಾವನೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅದಕ್ಕೆ ಮೊದಲ ಸ್ಥಾನ. ಬಂಧುವರ್ಮನ 'ಜೀವಸಂಬೋಧನೆ', ವಿಜಯಣ್ಣನ 'ದ್ವಾದಶಾನುಪ್ರೇಕ್ಷೆ' ಈ ಭಾವನೆಗಳನ್ನು ಕನ್ನಡದಲ್ಲೇ ನಮಗೆ ಕೊಟ್ಟಿರುವ ಕೃತಿಗಳು.

ಆದಿಪುರಾಣದ ನೀಲಾಂಜನೆಯ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಋಷಭದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದ ಆ ದೇವನರ್ತಕಿಯ ಆಯುಷ್ಯ ನೃತ್ಯದ ನಡುವೆಯೇ ಮುಗಿಯಿತು. ರಸಭಂಗವಾಗದಂತೆ ದೇವೇಂದ್ರನು ತಕ್ಷಣವೇ ಅವಳಂತೆಯೇ ಇರುವ ಮತ್ತೊಬ್ಬಳನ್ನು ಸೃಷ್ಟಿಸಿದ. ಸಭೆಗೆ ಏನೂ ತಿಳಿಯಲಿಲ್ಲ. ಅದೇ ನರ್ತಕಿ, ಅದೇ ಹೆಜ್ಜೆ ಎಂದೇ ಎಲ್ಲರೂ ನೋಡುತ್ತಿದ್ದರು. ಕಂಡುಕೊಂಡವನು ಋಷಭದೇವನೊಬ್ಬನೇ. ಆ ಒಂದು ಕಾಣ್ಕೆಯೇ ಅವನ ವೈರಾಗ್ಯಕ್ಕೆ ಬಾಗಿಲಾಯಿತು.

ನಮ್ಮೆದುರಿನ ಕೆರೆಯಲ್ಲೂ ನಿತ್ಯ ನಡೆಯುತ್ತಿರುವುದು ಇದೇ. ನಿನ್ನೆಯ ಕೆರೆ ಹೋಗಿದೆ, ಅದರ ಜಾಗದಲ್ಲಿ ಅದರಂತೆಯೇ ಕಾಣುವ ಇನ್ನೊಂದು ಬಂದು ನಿಂತಿದೆ. ಕನ್ನಡಿಯಲ್ಲಿ ಕಾಣುವ ನಮ್ಮ ಮುಖದ ಕಥೆಯೂ ಬೇರೆಯಲ್ಲ. ಅಭ್ಯಾಸದ ಕಣ್ಣು ಸಭೆಯ ಕಣ್ಣು; ಅದಕ್ಕೆ ಬದಲಾವಣೆ ಕಾಣದು. ಒಂದೇ ಸ್ಥಳದಲ್ಲಿ ವರ್ಷವಿಡೀ ನಿಂತು ನೋಡುವ ನಿಯಮವು ಆ ಕಣ್ಣಿಗೆ ಕೊಡುವ ಶಿಕ್ಷಣ.

ನೋಟಕ್ಕೆ ಶಿಕ್ಷಣವಾದರೆ ಸಾಲದು, ಹೆಜ್ಜೆಗೂ ಬೇಕು. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದಲೇ ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಅದೇ ಕಾಲದಲ್ಲಿ ಕೆರೆಯಂಚಿನ ಹಸಿ ಹುಲ್ಲಿನಲ್ಲಿ ಅಡ್ಡಾಡುವ ಗೃಹಸ್ಥ ಎಷ್ಟು ಎಚ್ಚರದಿಂದಿರಬೇಕು! ನೊಗದಷ್ಟು ದೂರದ ನೆಲವನ್ನು ನೋಡಿಕೊಂಡು ನಡೆಯುವುದು ಈರ್ಯಾಸಮಿತಿ. ವಸ್ತುವನ್ನು ಎತ್ತುವಾಗ, ಇರಿಸುವಾಗ ಜೀವಿಗಳಿಗೆ ಬಾಧೆಯಾಗದಂತೆ ಪರಿಶೀಲಿಸುವುದು ಆದಾನನಿಕ್ಷೇಪಣ ಸಮಿತಿ. ಕ್ಯಾಮೆರಾದ ಮುಕ್ಕಾಲಿಯನ್ನು ಊರುವ ಮೊದಲು ಬಾಗಿ ನೆಲ ನೋಡುವುದು ಈ ಸಮಿತಿಯ ಸರಳ ಪಾಲನೆ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಂಥ ಕಡೆ ಹಕ್ಕಿಗಳು ಮರಿಮಾಡುವ ಕಾಲದಲ್ಲಿ ಒಳ್ಳೆಯ ಚಿತ್ರಕ್ಕಾಗಿ ಗೂಡಿನ ಹತ್ತಿರ ಹೋದರೆ ತಾಯಿಹಕ್ಕಿ ಬೆದರಿ ಹಾರಿಹೋಗುತ್ತದೆ. ಬಿಸಿಲಿಗೋ ಕಾಗೆಗೋ ಮರಿ ಬಲಿಯಾಗುತ್ತದೆ. ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಇದೇ ಕಾರಣಕ್ಕೆ. ಜೀವಕ್ಕೆ ಎರವಾದ ಸೌಂದರ್ಯ ಅಹಿಂಸಾವ್ರತಿಗೆ ಸಲ್ಲದು.

ಒಂದೇ ಚಿತ್ರ ಎಂಬ ನಿಯಮದಲ್ಲೂ ಅರ್ಥವಿದೆ. ಇಂದಿನ ಕ್ಯಾಮೆರಾ ಒಂದು ಮುಂಜಾನೆಯಲ್ಲಿ ನೂರಾರು ಚಿತ್ರಗಳನ್ನು ಕೂಡಿಡಬಲ್ಲದು. ಪರಿಗ್ರಹವೆಂದರೆ ವಸ್ತುಗಳ ರಾಶಿಗಿಂತ ಮೊದಲು 'ನನ್ನದು' ಎಂಬ ಮೂರ್ಛೆ ಎನ್ನುತ್ತದೆ ಶಾಸ್ತ್ರ. ನೋಡುವುದಕ್ಕಿಂತ ಹಿಡಿದಿಡುವ ಆತುರ ಹೆಚ್ಚಾದಾಗ ಸೂರ್ಯೋದಯವೂ ಪರಿಗ್ರಹವಾಗುತ್ತದೆ. ಆ ಶ್ರಾವಕರು ಕ್ಯಾಮೆರಾ ಮುಟ್ಟುವ ಮೊದಲು ದಡದಲ್ಲಿ ಎರಡು ಗಳಿಗೆ, ಅಂದರೆ ಸಾಮಾಯಿಕದ 48 ನಿಮಿಷ, ಸುಮ್ಮನೆ ಕುಳಿತಿರುತ್ತಾರೆ.

ಅವರಿಗೆ ನಿಜವಾದ ಪರೀಕ್ಷೆ ಎದುರಾದದ್ದು ಬೇಸಿಗೆಯ ಚಿತ್ರದಲ್ಲಿ. ನೀರು ಸರಿದ ಅಂಚಿನಲ್ಲಿ ಪ್ಲಾಸ್ಟಿಕ್ ಚೀಲಗಳು, ಒಡೆದ ವಿಗ್ರಹದ ತುಂಡು, ಕೊಳೆತ ಜಲಕಳೆ. ಮಗ ಕಂಪ್ಯೂಟರಿನಲ್ಲಿ ಅದೆಲ್ಲವನ್ನೂ ಕ್ಷಣದಲ್ಲಿ ಅಳಿಸಿಕೊಟ್ಟ. ಚಿತ್ರ ಸುಂದರವಾಯಿತು. ಎರಡು ದಿನ ಗೋಡೆಯ ಮೇಲಿದ್ದ ಅದನ್ನು ಅವರು ಇಳಿಸಿ, ಮೂಲ ಚಿತ್ರವನ್ನೇ ತೂಗುಹಾಕಿದರು. "ಕೂಟಲೇಖ ಕ್ರಿಯೆ ಸತ್ಯಾಣುವ್ರತಕ್ಕೆ ಅತಿಚಾರ ಅಂತ ಪಾಠಶಾಲೆಯಲ್ಲಿ ಕಲಿತಿದ್ದೆ. ಸುಳ್ಳು ಪತ್ರ ಬರೆಯಬಾರದು ಅಂತಷ್ಟೇ ತಿಳಿದುಕೊಂಡಿದ್ದೆ. ಇದೂ ಪತ್ರವೇ ಅಲ್ಲವೇ?" ಎಂದರು. ಅಂದಿನಿಂದ ಅವರು ದಡಕ್ಕೆ ಹೋಗುವಾಗ ಕ್ಯಾಮೆರಾದ ಜೊತೆಗೆ ಒಂದು ಖಾಲಿ ಗೋಣಿಚೀಲವನ್ನೂ ಒಯ್ಯುತ್ತಾರೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಎಲ್ಲವೂ ಅನಿತ್ಯವಾದರೆ ಕೆರೆಯನ್ನು ಕಾಪಾಡುವ ಶ್ರಮವೇಕೆ? ಶಾಸ್ತ್ರದೃಷ್ಟಿಯಲ್ಲಿ ಋತುಗಳಷ್ಟೇ ಅಲ್ಲ, ಕೆರೆಯೂ ಒಂದು ಪರ್ಯಾಯವೇ. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಹೆಬ್ಬಾಳವೂ ಹೀಗೆಯೇ ಆದೀತು ಎಂದು ಕೈಕಟ್ಟಿ ಕೂರಬಹುದೇ?

ಕೂಡದು. ಅನಿತ್ಯ ಭಾವನೆ ಸಡಿಲಿಸುವುದು ಮೋಹವನ್ನು, ದಯೆಯನ್ನಲ್ಲ. ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿ ಬಾಳುತ್ತವೆ ಎಂಬುದೂ ತತ್ತ್ವಾರ್ಥಸೂತ್ರದ ಬೋಧನೆಯೇ. ನೀರನ್ನೇ ದೇಹವಾಗಿ ಉಳ್ಳ ಅಪ್ಕಾಯಿಕ ಜೀವಗಳಿಂದ ಹಿಡಿದು ಮೀನು, ಹಕ್ಕಿಗಳವರೆಗೆ ಅಸಂಖ್ಯ ಜೀವಗಳಿಗೆ ಕೆರೆ ಆಶ್ರಯ. ಕಾಲ ತರುವ ಅಳಿವು ಬೇರೆ, ನಮ್ಮ ಪ್ರಮಾದದಿಂದ ಬರುವ ಅಳಿವು ಬೇರೆ. ಪ್ರಮಾದದಿಂದ ಪ್ರಾಣಕ್ಕೆ ಒದಗುವ ಹಾನಿಯನ್ನೇ ಶಾಸ್ತ್ರ ಹಿಂಸೆ ಎನ್ನುತ್ತದೆ. ಬೇಸಿಗೆಯಲ್ಲಿ ನೀರು ಸರಿಯುವುದು ಪರ್ಯಾಯ. ಅದರಲ್ಲಿ ಕೊಳಕು ಸುರಿಯುವುದು ಪಾಪ.

ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದು ಸುಮಾರು ಕ್ರಿ.ಶ. 750ರದು, ಜಿನಧರ್ಮಕ್ಕೆ ಆಶ್ರಯವಿತ್ತ ಗಂಗವಂಶದ ಶ್ರೀಪುರುಷನ ಕಾಲದ್ದು. ಅದರಲ್ಲಿ ಕಿಟ್ಟಯ್ಯನೆಂಬ ವೀರನ ಹೆಸರೂ ರೂಪವೂ ಇವೆ, 'ಪೆರ್ಬೊಳಲ್' ಎಂಬ ಈ ಊರಿನ ಹಳೆಯ ಹೆಸರೂ ಇದೆ. ರಾಜ್ಯ ಹೋಯಿತು, ಊರಿನ ಹೆಸರೇ ಮಾರ್ಪಟ್ಟಿತು. ಆದರೂ ಒಬ್ಬನು ತನ್ನ ಊರಿಗಾಗಿ ನಿಂತ ಎಂಬ ಸಂಗತಿಯನ್ನು ಆ ಕಲ್ಲು ಇಂದಿಗೂ ಹೇಳುತ್ತಿದೆ.

ಈ ಯುಗಾದಿಗೆ ಆ ಶ್ರಾವಕರು ಮತ್ತೆ ಅದೇ ಮರದ ಬುಡಕ್ಕೆ ಹೋದರು. ಹದಿಮೂರನೆಯ ಚಿತ್ರ ಮೊದಲನೆಯದರಂತೆ ಇರಲಿಲ್ಲ. ಹೊಂಗೆಯ ಒಂದು ಕೊಂಬೆ ಮುರಿದಿತ್ತು, ಉಳಿದವು ಚಿಗುರಿದ್ದವು. ಅಂಚಿನಲ್ಲಿ ಕಸ ಸ್ವಲ್ಪ ಕಡಿಮೆಯಿತ್ತು.