ಶಸ್ತ್ರಚಿಕಿತ್ಸೆಯ ಬಳಿಕ ವ್ಯಾಯಾಮಶಾಲೆಯತ್ತ

ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದವರನ್ನು ನೋಡಲು ಹೋದಾಗ ನಾವು ಬಹುತೇಕ ಒಂದೇ ದೃಶ್ಯವನ್ನು ಕಾಣುತ್ತೇವೆ. ರೋಗಿಯು ಮಂಚದ ಮೇಲಿರುತ್ತಾರೆ. ಮನೆಮಂದಿಯೆಲ್ಲ ಸುತ್ತಲೂ ಕಾವಲಿರುತ್ತಾರೆ. ನೀರಿನ ಕೊಡ ಮುಟ್ಟಬೇಡಿ, ಮೆಟ್ಟಿಲು ಹತ್ತಬೇಡಿ, ಮಗುವನ್ನು ಎತ್ತಬೇಡಿ ಎಂಬ ಎಚ್ಚರಿಕೆಗಳು ಅಡಿಗಡಿಗೂ ಕೇಳಿಬರುತ್ತವೆ. ಇವು ಪ್ರೀತಿಯಿಂದ ಹೊರಟ ಮಾತುಗಳು ಎಂಬುದರಲ್ಲಿ ಸಂದೇಹವಿಲ್ಲ. ಮೊದಲ ಕೆಲವು ವಾರಗಳಲ್ಲಿ ಅವು ಅಗತ್ಯವೂ ಹೌದು. ಆದರೆ ಗಾಯ ಮಾಗಿ, ವೈದ್ಯರು ಒಪ್ಪಿಗೆಯಿತ್ತು, ತಿಂಗಳುಗಳು ಉರುಳಿದರೂ ಆ ಕಾವಲು ಸಡಿಲವಾಗುವುದಿಲ್ಲ. ಹಿಂದೆ ನಿತ್ಯವೂ ವ್ಯಾಯಾಮ ಮಾಡುತ್ತಿದ್ದವರು "ಇನ್ನು ನಾನು ಮತ್ತೆ ಜಿಮ್ಮಿಗೆ ಹೋಗಬಹುದೇನೋ" ಎಂದು ಬಾಯಿಬಿಟ್ಟರೆ ಮನೆಯಲ್ಲಿ ಗಾಬರಿಯೇ ಏಳುತ್ತದೆ.

ಈ ಗಾಬರಿ ಎಷ್ಟರಮಟ್ಟಿಗೆ ನ್ಯಾಯವಾದುದು? ಇದನ್ನು ವಿಚಾರಿಸುವುದು ಇಂದಿನ ಲೇಖನದ ಉದ್ದೇಶ.

ಬದಲಾದ ವೈದ್ಯಮತ

ಬಹುಕಾಲ ವೈದ್ಯರ ಸಲಹೆಯೂ ಮನೆಮಂದಿಯ ಸಲಹೆಗಿಂತ ಭಿನ್ನವಾಗಿರಲಿಲ್ಲ. ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆಯಬೇಕಾಗಿ ಬರುವುದುಂಟು. ಆಗ ದುಗ್ಧರಸ ಸರಾಗವಾಗಿ ಹರಿಯಲಾರದೆ ಆ ಬದಿಯ ಕೈ ಊದಿಕೊಳ್ಳಬಹುದು. ಆದುದರಿಂದ ಆ ಕೈಯಿಂದ ಭಾರವನ್ನು ಎತ್ತಲೇಬಾರದೆಂದು ಮಹಿಳೆಯರಿಗೆ ವಿಧಿಸಲಾಗುತ್ತಿತ್ತು. ಮಾರುಕಟ್ಟೆಯ ಚೀಲವನ್ನೂ ಮೊಮ್ಮಗುವನ್ನೂ ಎತ್ತಲು ಹೆದರುತ್ತ ಎಷ್ಟೋ ತಾಯಂದಿರು ವರ್ಷಗಳನ್ನು ಕಳೆದರು.

1996ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಕ್ರೀಡಾವೈದ್ಯ ಡಾನ್ ಮೆಕೆಂಜಿಯವರು ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದರು. ಸ್ತನದ ಕ್ಯಾನ್ಸರಿನಿಂದ ಗುಣಮುಖರಾದ 24 ಮಹಿಳೆಯರಿಗೆ ತರಬೇತಿಯಿತ್ತು, ಡ್ರ್ಯಾಗನ್ ದೋಣಿಯಲ್ಲಿ ಹುಟ್ಟುಹಾಕಲು ಕೂರಿಸಿದರು. ತೋಳು, ಭುಜಗಳಿಗೆ ಅದು ಕಠಿಣ ದುಡಿಮೆ. ಆದರೂ ಅವರಲ್ಲಿ ಯಾರಿಗೂ ಹೊಸದಾಗಿ ಕೈ ಊತ ಕಾಣಿಸಿಕೊಳ್ಳಲಿಲ್ಲ.

2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಇನ್ನೂ ಮುಂದೆ ಹೋಯಿತು. ಅದರಲ್ಲಿ ಭಾಗಿಗಳಾದ 141 ಮಹಿಳೆಯರಿಗೆ ಅದಾಗಲೇ ಕೈ ಊತವಿತ್ತು. ಅರ್ಧದಷ್ಟು ಮಂದಿ ವಾರಕ್ಕೆ ಎರಡು ಬಾರಿ ಭಾರ ಎತ್ತಿದರು; ಉಳಿದವರು ಎತ್ತಲಿಲ್ಲ. ತೀರ ಹಗುರವಾಗಿ ಆರಂಭಿಸಿ, ತೊಂದರೆ ಕಾಣದಿದ್ದಲ್ಲಿ ಮಾತ್ರ ಅತ್ಯಲ್ಪ ಪ್ರಮಾಣದಲ್ಲಿ ಭಾರವನ್ನು ಏರಿಸುವುದು ಅಲ್ಲಿನ ಕ್ರಮವಾಗಿತ್ತು. ವರ್ಷದ ಕೊನೆಗೆ, ಭಾರ ಎತ್ತದವರಲ್ಲಿ ಶೇಕಡಾ 29 ಮಂದಿಗೆ ಊತದ ತೊಂದರೆ ಉಲ್ಬಣಿಸಿತ್ತು. ಎತ್ತಿದವರಲ್ಲಿ ಅದು ಶೇಕಡಾ 14 ಮಾತ್ರ.

ದೊಡ್ಡ ಕರುಳಿನ ಕ್ಯಾನ್ಸರಿನ ವಿಷಯದಲ್ಲಿಯೂ 2025ರಲ್ಲಿ ಮಹತ್ವದ ವರದಿಯೊಂದು ಬಂದಿತು. ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿ ಮುಗಿಸಿದ 889 ಮಂದಿಯನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಆರೋಗ್ಯದ ಪುಸ್ತಿಕೆಯನ್ನಷ್ಟೇ ನೀಡಲಾಯಿತು. ಇನ್ನೊಂದು ಗುಂಪಿಗೆ ಮಾರ್ಗದರ್ಶಕರ ನೆರವಿನೊಡನೆ ಮೂರು ವರ್ಷಗಳ ವ್ಯಾಯಾಮ ಕ್ರಮವನ್ನು ಗೊತ್ತುಪಡಿಸಲಾಯಿತು. ಎಂಟು ವರ್ಷಗಳ ಬಳಿಕ ಬದುಕುಳಿದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 83.2, ವ್ಯಾಯಾಮದ ಗುಂಪಿನಲ್ಲಿ ಶೇಕಡಾ 90.3. ಸ್ನಾಯು ಮತ್ತು ಕೀಲುಗಳ ನೋವು ಮಾತ್ರ ವ್ಯಾಯಾಮ ಮಾಡಿದವರಲ್ಲಿಯೇ ಹೆಚ್ಚಾಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಲಾಭವಿದೆಯೆಂದ ಮಾತ್ರಕ್ಕೆ ಎಚ್ಚರ ಬೇಡವೆಂದಲ್ಲ.

ಎಷ್ಟು ಭಾರ?

ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ನೀತಿಶಾಸ್ತ್ರವನ್ನು ವಿವರಿಸುವಾಗ ಗರಡಿಮನೆಯ ಉದಾಹರಣೆಗಳನ್ನು ಕೊಡುತ್ತಾನೆ. ಅತಿಯಾದ ವ್ಯಾಯಾಮವೂ ತೀರ ಕಡಿಮೆಯಾದ ವ್ಯಾಯಾಮವೂ ಬಲವನ್ನು ಕೆಡಿಸುತ್ತವೆ ಎಂಬುದು ಅವನ ಅಭಿಪ್ರಾಯ. ಹಾಗಾದರೆ ಸರಿಯಾದ ಅಳತೆ ಯಾವುದು? ಹತ್ತು ಪಾಲು ಆಹಾರ ಹೆಚ್ಚಾಯಿತು, ಎರಡು ಪಾಲು ಕಡಿಮೆಯಾಯಿತು ಎಂದ ಮಾತ್ರಕ್ಕೆ ಆರು ಪಾಲು ಎಲ್ಲರಿಗೂ ಸರಿಯೆಂದು ಹೇಳಲಾಗದು. ಅಷ್ಟು ಆಹಾರ ಮಿಲೊ ಎಂಬ ಜಟ್ಟಿಗೆ ಸಾಲದು. ಆಗತಾನೆ ಗರಡಿಗೆ ಬಂದವನಿಗೆ ಅದೇ ಹೆಚ್ಚು. ಮಧ್ಯಮಮಾರ್ಗವೆಂಬುದು ಆಯಾ ವ್ಯಕ್ತಿಗೆ ಸಾಪೇಕ್ಷವಾದುದು.

ಚೇತರಿಸಿಕೊಳ್ಳುತ್ತಿರುವವರಿಗೆ ಇದಕ್ಕಿಂತ ಹಿತವಾದ ಪಾಠವಿಲ್ಲವೆಂದು ನಮಗೆ ತೋರುತ್ತದೆ. ಅವರಿಗೆ ಎದುರಾಗುವ ಕಠಿಣ ಪ್ರತಿಸ್ಪರ್ಧಿ ಪಕ್ಕದಲ್ಲಿರುವ ತರುಣನಲ್ಲ. ರೋಗಕ್ಕೆ ಮುಂಚಿನ ತಾವೇ. ಹಿಂದೆ ನಲವತ್ತು ಕಿಲೋ ಎತ್ತಿದ ಕೈ ಇಂದು ಎರಡು ಕಿಲೋ ಎತ್ತಲು ನಡುಗಿದಾಗ ಕಣ್ಣಲ್ಲಿ ನೀರು ಬರುವುದು ಸಹಜ. ಆದರೆ ಇಂದಿನ ದೇಹಕ್ಕೆ ಆ ಎರಡು ಕಿಲೋ ಸರಿಯಾದ ಅಳತೆಯಾಗಿದ್ದರೆ, ಅದು ಸೋಲಲ್ಲ.

ಆರಂಭವು ವೈದ್ಯರ ಅನುಮತಿಯಿಂದಲೇ ಆಗಬೇಕು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳವರೆಗೆ ಭಾರವನ್ನು ಎತ್ತಬಾರದು. ಅವಸರಪಟ್ಟರೆ ಹರ್ನಿಯಾ ಉಂಟಾಗಬಹುದು. ಮಲವಿಸರ್ಜನೆಗೆ ಹೊಟ್ಟೆಯ ಮೇಲೆ ದ್ವಾರ ಮಾಡಿಸಿಕೊಂಡವರಿಗೆ ಈ ಅಪಾಯ ಇನ್ನೂ ಹೆಚ್ಚು. ರೋಗವು ಮೂಳೆಗೆ ಹರಡಿದ್ದರೆ ಮೂಳೆ ಮುರಿಯುವ ಭಯವಿರುವುದರಿಂದ ತಜ್ಞರ ಸಲಹೆಯಿಲ್ಲದೆ ಯಾವ ಭಾರವನ್ನೂ ಮುಟ್ಟಕೂಡದು. ಕೀಮೋಥೆರಪಿ ನಡೆಯುತ್ತಿದ್ದು ರಕ್ತದ ಬಿಳಿಯ ಕಣಗಳು ಕಡಿಮೆಯಾಗಿದ್ದಲ್ಲಿ, ಜನ ತುಂಬಿದ ವ್ಯಾಯಾಮಶಾಲೆಗಿಂತ ಮನೆಯಂಗಳವೇ ಲೇಸು.

ಅನುಮತಿ ದೊರೆತ ಬಳಿಕ ಮೊದಲು ನಡಿಗೆ. ಅನಂತರ ಹಗುರವಾದ ಭಾರ. ಎತ್ತುವಾಗ ಉಸಿರನ್ನು ಬಿಗಿಹಿಡಿಯಬಾರದು. ಕೈ ಊದಿದರೆ, ಜ್ವರ ಬಂದರೆ, ಗಾಯ ಒಸರಿದರೆ, ಎದೆನೋವು ಅಥವಾ ತಲೆಸುತ್ತು ಕಾಣಿಸಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ತರಬೇತುದಾರರಿಗೆ ಶಸ್ತ್ರಚಿಕಿತ್ಸೆಯ ವಿಷಯವನ್ನು ಮುಚ್ಚಿಡುವುದು ಸಲ್ಲದು. ಕ್ರಮೇಣ ಮುಟ್ಟಬಹುದಾದ ಗುರಿಯನ್ನು 2019ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ತಜ್ಞರ ಮಾರ್ಗಸೂಚಿ ತಿಳಿಸುತ್ತದೆ: ವಾರಕ್ಕೆ ಮೂರು ದಿನ ಅರ್ಧ ಗಂಟೆಯ ಸಾಧಾರಣ ವ್ಯಾಯಾಮ, ಎರಡು ದಿನ ಭಾರದ ವ್ಯಾಯಾಮ. ರೋಗ ಮತ್ತು ಚಿಕಿತ್ಸೆಗಳಿಂದ ಬರುವ ದಣಿವು ಮಲಗಿದಷ್ಟೂ ಬೆಳೆಯುತ್ತದೆ; ಮಿತವಾದ ಚಲನೆಯಿಂದ ಇಳಿಯುತ್ತದೆ.

ಮನೆಯವರಿಗೆ ಒಂದು ಮಾತು

ಚೇತರಿಸಿಕೊಳ್ಳುತ್ತಿರುವವರನ್ನು ವ್ಯಾಯಾಮಶಾಲೆಯ ಬಾಗಿಲಲ್ಲಿ ತಡೆಯುವುದು ಬರಿಯ ದೇಹದ ಅಶಕ್ತಿಯಲ್ಲ. ಎದೆಯ ಮೇಲಿನ ಕಲೆ, ಹೊಟ್ಟೆಯ ಮೇಲಿನ ಚೀಲ, ಉದುರಿದ ಕೂದಲು ಇವನ್ನೆಲ್ಲ ಹೊತ್ತು, ಗೋಡೆ ತುಂಬ ಕನ್ನಡಿಗಳಿರುವ ಕೋಣೆಯನ್ನು ಪ್ರವೇಶಿಸಲು ಧೈರ್ಯ ಬೇಕು. ಆ ಧೈರ್ಯ ಒಬ್ಬರಲ್ಲಿ ಮೂಡಿದಾಗ "ಈಗ ಯಾಕೆ ಇದೆಲ್ಲ?" ಎಂದು ಕೇಳಿ ಅದನ್ನು ಕುಂದಿಸಬಾರದು.

ಮುಂದಿನ ಬಾರಿ ವೈದ್ಯರನ್ನು ಕಾಣಲು ಹೋಗುವಾಗ ಮನೆಯವರೂ ಜೊತೆಗೆ ಹೋಗಲಿ. ಎಷ್ಟು ಎತ್ತಬಹುದು, ಎಂದಿನಿಂದ ಎತ್ತಬಹುದು ಎಂದು ಕೇಳಿ ಬರೆದುಕೊಳ್ಳಲಿ. ವ್ಯಾಯಾಮಶಾಲೆಗೆ ಹೋಗುವ ಮೊದಲ ದಿನ ಗಂಡನೋ ಹೆಂಡತಿಯೋ ಮಗಳೋ ಮಗನೋ ಒಬ್ಬರು ಬಾಗಿಲವರೆಗಾದರೂ ಜೊತೆಗಿರಲಿ.